ಹದಿನಾರು ಕುರ್ಚಿಗಳ ಚಿತ್ರ

ಕನ್ನಡ ಸಂಘದ ಮಾನ್ಯ ಅಧ್ಯಕ್ಷರಾದ ಬದರಿನಾಥ ಅವರೇ, ಅತಿಥಿಗಳೇ, ಎರಡು ಗಂಟೆಯಿಂದ ಭಾಷಣಗಳನ್ನು ಸಹಿಸಿಕೊಂಡು ಕುಳಿತಿರುವ ಸಭಿಕರೇ,

ಅಮೆರಿಕದ ಈ ಡುಲುತ್‌ನಲ್ಲಿ ಫಾರ್ಮಸಿ ನಡೆಸಿ ನಿವೃತ್ತಳಾದ ಈ ಫಖ್ರುನ್ನೀಸಾಳನ್ನು ಕಲಾವಿದೆ ಎಂದು ಕರೆದು ಸನ್ಮಾನಿಸಿದ್ದೀರಿ. ಲಿನೋಲಿಯಂ ಹಾಳೆ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಅಚ್ಚೊತ್ತುವುದು ನನ್ನ ಹವ್ಯಾಸ. ನಮ್ಮ ಸಿರಿವಂತರನ್ನು ಗೇಲಿ ಮಾಡುವುದು ಅದಕ್ಕಿಂತ ಹಳೆಯ ಹವ್ಯಾಸ.

ಹೊರಗೆ ನನ್ನ ಒಂಬತ್ತು ವ್ಯಂಗ್ಯಚಿತ್ರಗಳಿವೆ. ಬೆಳಿಗ್ಗೆ ಹತ್ತು ಇದ್ದವು. ಹತ್ತನೆಯದರಲ್ಲಿ, ಹದಿನಾರು ಕುರ್ಚಿಗಳ ಊಟದ ಮೇಜಿನ ಮುಂದೆ ದಪ್ಪ ಮೂಗಿನ ಯಜಮಾನಿ ಒಬ್ಬಳೇ ಕುಳಿತಿದ್ದಾಳೆ. ಅಡುಗೆ ಮಾಡಿದವಳು ವಾಷಿಂಗ್ ಮಷಿನ್ ಮೇಲೆ ತಟ್ಟೆಯಿಟ್ಟು ನಿಂತು ತಿನ್ನುತ್ತಿದ್ದಾಳೆ.

ಅಧ್ಯಕ್ಷರು ಬಂದು, “ಆಂಟಿ, ಅದೊಂದನ್ನ ತೆಗ್ದಿಟ್ಟಿದೀವಿ. ಸ್ಪಾನ್ಸರ್ ಫ್ಯಾಮಿಲಿ ಅಪ್‌ಸೆಟ್ ಆಗಿದಾರೆ, ಅವ್ರನ್ನೇ ನೋಡಿ ಮಾಡಿರೋದು ಅಂತ” ಎಂದರು.

“ಯಾಕಪ್ಪಾ, ಅವರ ಮನೇಲೂ ಹಾಗೇನಾ?” ಎಂದೆ.

ಪ್ರಾಯೋಜಕರೇ, ಸಮಾಧಾನ ಮಾಡಿಕೊಳ್ಳಿ. ಆ ಮೂಗು ನನ್ನದು. ಆ ಮನೆಯೂ ನನ್ನದೇ. ಇದನ್ನು ಹೇಳಬೇಕೆಂದು ಬಂದವಳಲ್ಲ ನಾನು, ನೀವು ಹೇಳಿಸಿದಿರಿ.

೨೦೨೧ರಲ್ಲಿ ಮೈಸೂರಿನ ಮುನೀಬಾ ನಮ್ಮ ಮನೆಗೆ ಅಡುಗೆಗೆ ಬರುತ್ತಿದ್ದಳು. ಒಂದೇ ತಟ್ಟೆಯ ಸುತ್ತ ಕುಳಿತು ಉಣ್ಣುವ ಮನೆಯಲ್ಲಿ ಬೆಳೆದ ನಾನು, ಅವಳಿಗೆ ಬಟ್ಟೆ ಒಗೆಯುವ ಕೋಣೆ ತೋರಿಸಿದೆ. ಕೋವಿಡ್ ಎಂದೆ. ಕೋವಿಡ್ ಹೋಯಿತು, ತಟ್ಟೆ ಅಲ್ಲೇ ಉಳಿಯಿತು. ಯಾಕೆ? ಕುರ್ಚಿಗಳು ಸಾಲುತ್ತಿರಲಿಲ್ಲವೇ?

ಒಂದು ದಿನ ಅವಳು ಏಪ್ರನ್ ಬಿಚ್ಚಿಟ್ಟು, “ಆಪಾ, ನಾಳೆಯಿಂದ ಬರಲ್ಲ. ನೀನ್ಯಾಕೆ ನಿಂತ್ಕೊಂಡ್ ತಿಂತೀಯಾ ಅಂತ ಮಗಳು ಕೇಳಿದ್ಲು. ಏನು ಹೇಳ್ಲಿ?” ಎಂದಳು.

ಮೂರು ವಾರ ಕೂತು ಆ ಚಿತ್ರ ಕೆತ್ತಿದೆ. ಮೊದಲ ಪ್ರತಿಯನ್ನು ಅವಳ ಮನೆಗೇ ಒಯ್ದೆ. ಅವಳು ನೋಡಿ, “ನಂಗ್ಯಾಕೆ ಕೊಡ್ತೀರಾ? ನಂಗಿದು ಗೊತ್ತು. ಗೊತ್ತಿಲ್ದವ್ರಿಗೆ ತೋರ್ಸಿ” ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಆದ್ದರಿಂದ, ಸ್ನೇಹಿತರೇ, ಆ ಚಿತ್ರವನ್ನು ಅಡಗಿಸುವ ಅಧಿಕಾರ ಅಧ್ಯಕ್ಷರಿಗಿಲ್ಲ, ನನಗೂ ಇಲ್ಲ. ಅದು ಈ ವೇದಿಕೆಯ ಪರದೆಯ ಹಿಂದೆಯೇ ಇದೆಯೆಂದು ತಿಳಿಯಿತು. ಈಗ ಅದನ್ನೆತ್ತಿಕೊಂಡು ಇಳಿದುಹೋಗಿ, ಊಟದ ಹಾಲ್‌ನ ಬಾಗಿಲಲ್ಲಿ ಅದನ್ನು ನಾನೇ ಹಿಡಿದು ನಿಲ್ಲುತ್ತೇನೆ. ಒಳಹೋಗಲು ಬೇರೆ ಬಾಗಿಲಿಲ್ಲ. ನಗು ಬಂದರೆ ನನ್ನ ಮುಖ ನೋಡಿಯೇ ನಗಿ.

ಹೊದಿಸಿದ ಶಾಲಿಗೂ, ಇಷ್ಟು ಹೊತ್ತು ಕೇಳಿಸಿಕೊಂಡ ಕಿವಿಗಳಿಗೂ ನಾನು ಋಣಿ. ನಮಸ್ಕಾರ.