ಹದಿನಾಲ್ಕನೇ ರೂಮಿನ ಚಿಲಕ

ಕಾನ್ರಾಡ್ ಕಳ್ಳ ಸಾರಾಯಿ ಕುಡಿದು ಸತ್ತ ಎಂಬುದರಲ್ಲಿ ಗಲ್ಫಿನ ಅಲ್ ಕೂಜ್‌ನ ಆ ಲೇಬರ್ ಕ್ಯಾಂಪಿನಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅವನ ರೂಮಿನ ಲೆಸ್ಲಿಗಂತೂ ಇರಲೇ ಇಲ್ಲ. ಒಳಗಿನಿಂದ ಚಿಲಕ ಹಾಕಿದವನು ಅವನೇ.

ರೂಮಿನ ಆರು ಜನರೂ ಕುಡಿಯುವುದಿಲ್ಲವೆಂದು ಹಾಳೆ ಬರೆದು, ಸಹಿ ಹಾಕಿಸಿ, ಗೋಡೆಗೆ ಅಂಟಿಸಿದವನೂ ಲೆಸ್ಲಿಯೇ. ಕುಡಿದು ಬಂದವನು ಬೆಳಗಿನವರೆಗೆ ಹೊರಗೆ. ಅದು ಕೊನೆಯ ಸಾಲು.

"ಅಮೆರಿಕದಲ್ಲೇ ಹದಿಮೂರು ವರ್ಷ ಸಾರಾಯಿ ಬಂದ್ ಮಾಡಿದ್ರು ಮಾರಾಯ," ಎಂದಿದ್ದ ಅವನು.

"ಮತ್ತೆ ಎಂತ ಆಯ್ತು?" ಎಂದು ಕೇಳಿದವನು ಹಂಝ. ಕಂಪನಿ ಆಫೀಸಿನ ಗುಮಾಸ್ತ, ಜನ್ಮದಲ್ಲಿ ಹನಿ ಮುಟ್ಟದವನು.

"ಮತ್ತೆ... ಪುನಃ ತೆರೆದರು."

ಎಲ್ಲರೂ ನಕ್ಕರು. ಮೊದಲ ಸಹಿ ಕಾನ್ರಾಡ್‌ನದ್ದು. ಏಳು ತಿಂಗಳು ಮಾತು ಉಳಿಸಿಕೊಂಡ.

ಆಗಸ್ಟಿನ ಒಂದು ರಾತ್ರಿ ತೂರಾಡುತ್ತಾ ಬಂದ. ನಾಲಿಗೆ ಹೊರಳುತ್ತಿರಲಿಲ್ಲ. ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ.

"ಕುಡೀಲಿಲ್ಲ ಲೆಸ್ಲಿ... ನೀರು..."

"ಎಲ್ಲ ಕುಡುಕರೂ ಹಾಗೇ ಹೇಳುವುದು. ಖಲಾಸ್, ಹೋಗು."

ಟಕ್. ಚಿಲಕ. ಸ್ವಲ್ಪ ಹೊತ್ತು ಉಗುರಿನಿಂದ ಬಾಗಿಲು ಕೆರೆದ ಸದ್ದು... ಆಮೇಲೆ ಅದೂ ಇಲ್ಲ. ಬೆಳಿಗ್ಗೆ ಮೆಟ್ಟಿಲ ಬಳಿ ಪ್ರಜ್ಞೆ ಇಲ್ಲದೆ ಬಿದ್ದಿದ್ದ. ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡ.

ಅವನು ಸತ್ತ ಹತ್ತನೆಯ ರಾತ್ರಿ ಲೆಸ್ಲಿ ಓವರ್‌ಟೈಮ್ ಮುಗಿಸಿ ನಡೆದು ಬರುತ್ತಿದ್ದ. ದೆವ್ವಕ್ಕೆ ಬೇಕಾದ ಆಲದ ಮರ, ಹಾಳು ಬಾವಿ ಕ್ಯಾಂಪಿನಲ್ಲಿಲ್ಲ. ಇದ್ದದ್ದು ಒಂದು ಬೇವಿನ ಮರ, ಅದರ ಕೆಳಗೆ ಕುಡಿಯುವ ನೀರಿನ ಕ್ಯಾನ್.

ಗುಳುಕ್... ಗುಳುಕ್... ಗುಳುಕ್...

ಯಾರೋ ಕುಕ್ಕರಗಾಲಲ್ಲಿ ಕೂತು ಕ್ಯಾನಿನ ನಲ್ಲಿಗೆ ಬಾಯಿ ಕೊಟ್ಟಿದ್ದರು. ಬೆನ್ನು ಗುರುತಿನದು.

"ಕಾನ್ರಾಡ್?"

"ಹ್ಞೂಂ..." ಪಿಸುಮಾತು. ಮತ್ತೆ ಗುಳುಕ್.

ಓಡಬೇಕಿತ್ತು. ಪ್ರಾರ್ಥನೆ ಹೇಳಬೇಕಿತ್ತು. ಲೆಸ್ಲಿಯ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ.

"ಕುಡಿದಿದ್ದೀಯಾ?"

ಸತ್ತವನನ್ನೂ ಅದನ್ನೇ ಕೇಳಿದ. ಕುಡಿಯುವ ಸದ್ದು ನಿಂತಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ಸಂಜೆ ತಂದಿಟ್ಟ ಐದು ಗ್ಯಾಲನ್ ಕ್ಯಾನ್ ಖಾಲಿ. ಕೆಳಗಿನ ಸಿಮೆಂಟ್ ಒಣಗಿಯೇ ಇತ್ತು.

ನಂಬುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು. ಕತೆ ಕಟ್ಟುವಷ್ಟು ಕಲ್ಪನೆ ಲೆಸ್ಲಿಗಿಲ್ಲ. ಇದು ಆದದ್ದು.

ಮರುದಿನ ಹಂಝ ಆಸ್ಪತ್ರೆಯ ಕಾಗದ ಹಿಡಿದುಕೊಂಡು ಬಂದ. ಹೆಣ ಊರಿಗೆ ಕಳಿಸಲು ಅದು ಬೇಕಿತ್ತು.

"ಅವನಿಗೆ ಶುಗರ್ ಇತ್ತು ಅಂತ ನಿಮಗೆ ಗೊತ್ತಿತ್ತಾ?" ಎಂದು ಕೇಳಿದ.

"ಇಲ್ಲ."

"ಅವನಿಗೂ ಗೊತ್ತಿರಲಿಲ್ಲ ಕಾಣ್ತದೆ. ಅಷ್ಟು ಏರಿದರೆ ಬಾಯಿ ವಾಸನೆ ಬರ್ತದಂತೆ. ಕಾಲು ನಿಲ್ಲುವುದಿಲ್ಲವಂತೆ."

ಲೆಸ್ಲಿ ಕಾಗದ ತೆಗೆದುಕೊಂಡು ತಾನೇ ಓದಿದ. ಸಕ್ಕರೆ ಆರುನೂರ ಹತ್ತು. ಮದ್ಯ, ಸೊನ್ನೆ.