ಹಳೆಯ ಪೆಟ್ಟು

ಸ್ಕ್ಯಾನ್ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಅಣ್ಣ ತಂಗಿ ಕುಳಿತಿದ್ದರು. ಅಣ್ಣ ಪೇಂಟರ್, ಉಗುರಿನ ಅಂಚಿನಲ್ಲಿ ನೀಲಿ ಬಣ್ಣ ಉಳಿದಿತ್ತು. ಅವರಿಗೆ ಅನ್ನನಾಳದ ಕ್ಯಾನ್ಸರ್. ಇಂಜೆಕ್ಷನ್ ಆದಮೇಲೆ ಬಾಟಲಿ ನೀರು ಮುಗಿಸಬೇಕಿತ್ತು, ಗುಟುಕು ಇಳಿಯುವುದೇ ಕಷ್ಟವಾಗಿತ್ತು. ಕೇಳಿಸಿಕೊಳ್ಳಬಾರದಿತ್ತೇನೋ, ಆದರೂ ಕೇಳಿಸಿತು.

"ಅನ್ನನಾಳದ ಕಾಯಿಲೆಗೆ ಮೂಳೆ ಸ್ಕ್ಯಾನ್ ಯಾಕೆ?" ಅಣ್ಣ ಕೇಳಿದರು.

"ಮೂಳೆಗೂ ಹರಡಿದ್ರೆ ಆಪರೇಷನ್ ಮಾಡಿ ಪ್ರಯೋಜನ ಇಲ್ವಂತೆ. ಹರಡಿದ ಕಡೆ ಕಪ್ಪು ಚುಕ್ಕಿ ಕಾಣುತ್ತಂತೆ. ಪೆಟ್ಟು ಬಿದ್ದ ಕಡೇನೂ ಹಾಗೇ ಕಾಣುತ್ತಂತೆ. ಅದಕ್ಕೇ ನರ್ಸ್ ಕೇಳಿದ್ದು, ಎಲ್ಲಾದ್ರೂ ಬಿದ್ದಿದ್ರಾ ಅಂತ."

ಅಣ್ಣ ಬಾಟಲಿಯ ಮುಚ್ಚಳ ತಿರುಗಿಸುತ್ತ ಕುಳಿತರು.

"ಆಗ ನಿಮ್ಮತ್ತಿಗೆ ಪಕ್ಕದಲ್ಲೇ ನಿಂತಿದ್ಳು ಕಣೇ, ಇಲ್ಲ ಅಂದ್ಬಿಟ್ಟೆ."

"ಅಂದ್ರೆ?"

"ಇನ್ನು ಏಣಿ ಹತ್ತಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೆ. ಹೋದ ತಿಂಗಳು ಹತ್ತಿ ಬಿದ್ದೆ. ಪಕ್ಕೆಲುಬು ಇನ್ನೂ ನೋಯುತ್ತೆ."

"ಅಯ್ಯೋ ಪುಣ್ಯಾತ್ಮ! ಹೆಂಡತಿಗೆ ಹೆದರಿ ಆಪರೇಷನ್ನೇ ಕಳ್ಕೋತೀಯಾ? ಏಳು, ಬರೆಸು."

"ಅವಳು ಕೌಂಟರ್ ಹತ್ರಾನೇ ಇದ್ದಾಳೆ."

"ಇರ್ಲಿ, ನಡಿ."

ಕೌಂಟರಿನಲ್ಲಿ ಅಣ್ಣ, ಹೆಂಡತಿಯತ್ತ ನೋಡದೆ, ನರ್ಸಿಗೆ ಹೇಳಿದರು: "ಸಿಸ್ಟರ್, ನಾನು ಏಣಿಯಿಂದ ಬಿದ್ದಿದ್ದೆ. ಬಲಗಡೆ ಪಕ್ಕೆಲುಬು."

ಅವರ ಹೆಂಡತಿ ಫೈಲನ್ನು ಎದೆಗೊತ್ತಿಕೊಂಡರು.

"ಬಿದ್ದಿದ್ದಾ? ಅಷ್ಟೇನಾ? ತಿಂಗಳಿಂದ ಒಂದೇ ಮಗ್ಗುಲಿಗೆ ಮಲಗ್ತಿದ್ರಲ್ಲ, ನಾನು ಕಾಯಿಲೆ ಮೂಳೆಗೇ ಹೋಯ್ತು ಅಂದ್ಕೊಂಡಿದ್ದೆ."

"ಬಯ್ಯಲ್ವಾ?"

ಅಷ್ಟರಲ್ಲಿ ಅವರನ್ನು ಒಳಗೆ ಕರೆದರು. ಹೆಂಡತಿ ಬಾಗಿಲವರೆಗೂ ಜೊತೆಗೇ ನಡೆದರು.

"ಏಣಿ ವಿಚಾರ ಆಪರೇಷನ್ ಆದ್ಮೇಲೆ ಮಾತಾಡ್ತೀನಿ. ಈಗ ಹೋಗಿ, ಅಲುಗಾಡದೆ ಮಲಗಿ."