ಗುಂಡಿಗೆ ಕೈ ತೋರಿಸದ ಬಗ್ಗೆ ಮರುಹೇಳಿಕೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು 43 ವರ್ಷ, ಲಿಫ್ಟ್ ರಿಪೇರಿ ಕೆಲಸ, ವಾಸ ನೀರಿನ ಟ್ಯಾಂಕಿನ ಹಿಂದಿನ ರಸ್ತೆ, ಮೂರನೇ ಮನೆಯ ಮಹಡಿ, ಗುಡ್ಡದ ಸೈಕಲ್ ಓಡಿಸುವ ಗೆಳೆಯರಲ್ಲಿ ‘ಕಪ್ಪೆ’ ಎಂದು ಹೆಸರು, ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಕಳೆದ ಭಾನುವಾರ ಆಸ್ಪತ್ರೆಯಲ್ಲಿ ನಾನು ಕೊಟ್ಟ ಹೇಳಿಕೆ ಸುಳ್ಳು. ಬ್ರೆಡ್ ವ್ಯಾನಿನ ಡ್ರೈವರ್ ನನ್ನ ಭಾವನಿಗೆ ಡಿಕ್ಕಿ ಹೊಡೆದಿಲ್ಲ. ಭಾವ ಬಿದ್ದದ್ದು ನನ್ನಿಂದ.

ಭಾವ ಎಂದರೆ ನನ್ನ ಅಕ್ಕನ ಗಂಡ, ವಯಸ್ಸು 51, ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಹದಿನಾರು ವರ್ಷದಿಂದ ರೋಡ್ ಸೈಕಲ್ ಓಡಿಸುವವರು. ನಾನು ಹನ್ನೊಂದು ವರ್ಷದಿಂದ ಓಡಿಸುತ್ತಿದ್ದುದು ದಪ್ಪ ಟೈರಿನ ಗುಡ್ಡದ ಸೈಕಲ್. ಕಲ್ಲು, ಬೇರು, ಹಳ್ಳ ಏನೇ ಅಡ್ಡ ಬರಲಿ, ಸೈಕಲ್ ಸಮೇತ ಹಾರಿ ದಾಟುವುದು ಅಲ್ಲಿನ ರೂಢಿ. ಮುಂದಿನ ತಿಂಗಳು ಇಪ್ಪತ್ತು ಗಂಟೆಯೊಳಗೆ ಮುನ್ನೂರು ಕಿಲೋಮೀಟರ್ ಮುಗಿಸುವ ಸವಾರಿಗೆ ನಾವಿಬ್ಬರೂ ಹೆಸರು ಕೊಟ್ಟಿದ್ದೆವು. ಆ ದಪ್ಪ ಟೈರಲ್ಲಿ ಹೋದ್ರೆ ಅರ್ಧ ದಾರೀಲೇ ನಿನ್ನ ಹೊತ್ಕೊಂಡು ಬರ್ಬೇಕಾಗತ್ತೆ ಕಣೋ ಎಂದು ಹೇಳಿ ಭಾವ ತಮ್ಮ ಹಳೆಯ ರೋಡ್ ಸೈಕಲನ್ನು ಒರೆಸಿ, ಸೀಟನ್ನು ನನ್ನ ಎತ್ತರಕ್ಕೆ ಏರಿಸಿ ಕೊಟ್ಟರು. ಅದರ ಪೆಡಲಿಗೆ ಶೂ ಕಚ್ಚಿಕೊಳ್ಳುತ್ತದೆ. ಮೊದಲ ದಿನ ಅವರ ಗೇಟಿನ ಮುಂದೆ ಕಾಲು ಬಿಡಿಸಿಕೊಳ್ಳಲು ಬಾರದೆ ನಿಂತ ನಿಲುವಿನಲ್ಲೇ ಪಕ್ಕಕ್ಕೆ ಉರುಳಿದೆ. ನಿಂತಲ್ಲೇ ಬೀಳೋಕೆ ಇಷ್ಟೆಲ್ಲ ವೇಷ ಬೇಕಿತ್ತಾ ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ರೋಡ್ ಸೈಕಲಿನವರು ಎದುರುಗಾಳಿ ತಪ್ಪಿಸಿಕೊಳ್ಳಲು ಒಬ್ಬರ ಹಿಂದೆ ಒಬ್ಬರು, ಚಕ್ರಕ್ಕೂ ಚಕ್ರಕ್ಕೂ ಒಂದಡಿ ಬಿಟ್ಟು ಹೋಗುತ್ತಾರೆ. ಹಿಂದಿನವರಿಗೆ ಮುಂದಿನವರ ಬೆನ್ನು ಬಿಟ್ಟರೆ ರಸ್ತೆ ಕಾಣುವುದಿಲ್ಲ. ಆದ್ದರಿಂದ ಗುಂಡಿ ಕಂಡ ಕೂಡಲೇ ಮುಂದಿನವರು ಆ ಬದಿಯ ಕೈಯನ್ನು ಕೆಳಗೆ ಚಾಚಿ ತೋರಿಸಬೇಕು, ನಿಧಾನವಾಗಿ ಪಕ್ಕಕ್ಕೆ ಸರಿಯಬೇಕು. ಹಾರಬಾರದು. ಇದನ್ನು ಭಾವ ಐದು ವಾರದಲ್ಲಿ ನಲವತ್ತು ಸಲವಾದರೂ ಹೇಳಿದ್ದಾರೆ. ಲೋ ಕಪ್ಪೆ, ನೀನು ಹಾರಿ ಪಾರಾಗ್ತೀಯ, ಹಿಂದಿರೋನು ಏನ್ ಮಾಡ್ಬೇಕು ಎಂದು ಕೇಳಿದ್ದಾರೆ. ಹೂಂ ಭಾವ, ಆಯ್ತು ಭಾವ ಎಂದು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೇನೆ. ನನ್ನ ಕೆಲಸದಲ್ಲಿ ಜೊತೆಗಾರ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಇಳಿದಿದ್ದರೆ ಕೂಗಿ ಹೇಳದೆ ಲಿಫ್ಟನ್ನು ಒಂದಿಂಚೂ ಕದಲಿಸುವಂತಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಒಂದು ದಿನವೂ ನಾನು ಅದನ್ನು ಮರೆತವನಲ್ಲ. ಆದ್ದರಿಂದ ಗೊತ್ತಿರಲಿಲ್ಲ ಎಂದು ಹೇಳುವ ಬಾಯಿ ನನಗಿಲ್ಲ.

ಭಾನುವಾರ ಬೆಳಿಗ್ಗೆ 5.50ಕ್ಕೆ ಭಾವನ ಮನೆಯಿಂದ ಹೊರಟೆವು. 7.10ಕ್ಕೆ, 32ನೇ ಕಿಲೋಮೀಟರಿನಲ್ಲಿ ನಿಂತು ನೀರು ಕುಡಿದು ಎರಡೆರಡು ಬಾಳೆಹಣ್ಣು ತಿಂದೆವು. ಅಲ್ಲಿಯವರೆಗೆ ಭಾವ ಮುಂದಿದ್ದರು. ನಂಗೆ ಸುಸ್ತಾಯ್ತು, ಇನ್ಮೇಲೆ ನೀನು ಮುಂದೆ ಹೋಗು, ನಿನ್ನ ಬೆನ್ನು ನಂಬ್ಕೊಂಡು ನಾನು ಬರ್ತೀನಿ ಎಂದರು. 7.25ಕ್ಕೆ ಸಿಮೆಂಟ್ ಗೋದಾಮು ದಾಟಿದೆವು. ವೇಗ ಗಂಟೆಗೆ 33 ಕಿಲೋಮೀಟರ್. ಗೋದಾಮಿನಿಂದ 200 ಮೀಟರ್ ಮುಂದೆ ಎಡಬದಿಯಲ್ಲಿ ಎರಡೂವರೆ ಅಡಿ ಉದ್ದ, ಐದು ಇಂಚು ಆಳದ ಗುಂಡಿ ಇತ್ತು. ನಾನು ಅಭ್ಯಾಸಬಲದಿಂದ ಸೈಕಲ್ ಎತ್ತಿ ಹಾರಿದೆ. ಭಾವನ ಮುಂದಿನ ಚಕ್ರ ಗುಂಡಿಗೆ ಇಳಿಯಿತು. ಅವರು ಬಲಕ್ಕೆ, ರಸ್ತೆಯ ನಡುವಿಗೆ ಬಿದ್ದರು.

ಎದುರಿನಿಂದ ಬರುತ್ತಿದ್ದ ಬ್ರೆಡ್ ವ್ಯಾನ್ ಬ್ರೇಕ್ ಹಾಕಿ ನಿಂತಿತು. ಇಂದು ಬೆಳಿಗ್ಗೆ 7 ಗಂಟೆಗೆ ನಾನು ಟೇಪು ತೆಗೆದುಕೊಂಡು ಹೋಗಿ ಅಳೆದು ಬಂದಿದ್ದೇನೆ. ವ್ಯಾನಿನ ಟೈರಿನ ಗೆರೆ ಮುಗಿಯುವ ಜಾಗದಿಂದ ರಕ್ತದ ಕಲೆಗೆ ಹನ್ನೆರಡು ಅಡಿ. ಡ್ರೈವರ್ ಇಳಿದು ಬಂದು, ತಲೆ ಅಲುಗಾಡಿಸ್ಬೇಡಿ ಸಾರ್, ನಿಧಾನಕ್ಕೆ ಎತ್ತೋಣ ಎಂದರು. ಬ್ರೆಡ್ಡಿನ ಟ್ರೇಗಳನ್ನೆಲ್ಲ ರಸ್ತೆ ಬದಿಗೆ ಇಳಿಸಿ ಭಾವನನ್ನು ಒಳಗೆ ಮಲಗಿಸಿ, ತಮ್ಮ ಸ್ವೆಟರ್ ಮಡಚಿ ತಲೆಯಡಿ ಇಟ್ಟರು. 8.05ಕ್ಕೆ ಆಸ್ಪತ್ರೆ ತಲುಪಿದೆವು. ಅವರು ಹೊರಟುಹೋಗಬಹುದಿತ್ತು. ಹೋಗಲಿಲ್ಲ. ರಕ್ತ ಬೇಕಾದ್ರೆ ನಂದೂ ತಗೊಳ್ಳಲಿ ಎಂದು ಕಾದು ಕುಳಿತರು.

8.40ಕ್ಕೆ ಅಕ್ಕ ಬಂದಳು. ಒಂದೊಂದು ಕಾಲಲ್ಲಿ ಒಂದೊಂದು ಜೊತೆಯ ಚಪ್ಪಲಿ ಇತ್ತು. ಯಾರೋ ಗುದ್ದಿದ್ದು, ಯಾರು ಹೇಳೋ ಎಂದು ನನ್ನ ಅಂಗಿ ಹಿಡಿದು ಅಲುಗಾಡಿಸಿದಳು. ವ್ಯಾನ್ ಅಕ್ಕಾ ಎಂದೆ. 9.20ಕ್ಕೆ ಬಂದ ಹೆಡ್ ಕಾನ್‌ಸ್ಟೇಬಲ್, ವ್ಯಾನ್ ತಗಲಿದ್ದನ್ನು ಕಣ್ಣಾರೆ ಕಂಡಿದ್ದೀರಾ ಎಂದು ಕೇಳಿದರು. ಹೌದು ಎಂದು ಹೇಳಿ ಸಹಿ ಹಾಕಿದೆ. ಡ್ರೈವರನ್ನು ಕರೆದೊಯ್ಯುವಾಗ ಅವರು ತಿರುಗಿ, ಸಾರ್, ನೀವಾದ್ರೂ ಹೇಳಿ ಸಾರ್ ಎಂದರು. ನಾನು ಕಾರಿಡಾರಿನ ಆ ತುದಿಗೆ ನಡೆದುಬಿಟ್ಟೆ. ಸೈಕಲ್ ಶೂ ನೆಲಕ್ಕೆ ಟಕ್ ಟಕ್ ಎನ್ನುತ್ತಿತ್ತು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಭಾವನಿಗೆ ಭುಜದ ಮೂಳೆ, ಮೂರು ಪಕ್ಕೆಲುಬು ಮುರಿದಿವೆ, ತಲೆಗೆ ಹದಿನಾಲ್ಕು ಹೊಲಿಗೆ ಬಿದ್ದಿವೆ. ನಿನ್ನೆ ಮಂಗಳವಾರ ಸಂಜೆ 5.15ಕ್ಕೆ ಮೊದಲ ಸಲ ಸರಿಯಾಗಿ ಮಾತಾಡಿದರು. ಬಾಳೆಹಣ್ಣು ತಿಂದ ನಂತರದ್ದು ಅವರಿಗೆ ಏನೂ ನೆನಪಿಲ್ಲ. ಅಂದರೆ ನಾನು ಬಾಯಿ ಬಿಡದಿದ್ದರೆ ಇದು ಯಾರಿಗೂ ತಿಳಿಯುವುದಿಲ್ಲ ಎಂದು ನನಗೆ ಸಮಾಧಾನವಾಯಿತು. ಥೂ, ಅದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಬರೆದುಕೊಳ್ಳಿ. ಆಮೇಲೆ ಭಾವ ನನ್ನ ಕೈ ಹಿಡಿದುಕೊಂಡು, ದಾರೀಲಿ ಗುಂಡಿ ಗಿಂಡಿ ಇದ್ದಿದ್ರೆ ನೀನು ಕೈ ತೋರಿಸೇ ಇರ್ತೀಯ ಕಣೋ, ಅಷ್ಟು ಸಲ ಹೇಳಿಕೊಟ್ಟಿದ್ದೀನಲ್ಲ, ನಾನೇ ಎಲ್ಲೋ ನೋಡ್ತಿದ್ದೆ ಅನ್ಸತ್ತೆ, ಪಾಪ ಆ ಡ್ರೈವರನ್ನ ಬಿಡಿಸೋ ಎಂದರು. ನಾನು ಎದ್ದು ಹೊರಗೆ ಬಂದೆ.

ಅಭ್ಯಾಸಬಲದಿಂದ ಹಾರಿದೆ ಎಂದು ಮೇಲೆ ಬರೆಸಿದ್ದೇನೆ. ಅದೂ ಪೂರ್ತಿ ನಿಜವಲ್ಲ. ಗುಂಡಿ 25 ಮೀಟರ್ ದೂರದಿಂದಲೇ ಕಂಡಿತ್ತು. ಕೈ ಚಾಚಲು ಎರಡು ಸೆಕೆಂಡಿಗಿಂತ ಹೆಚ್ಚೇ ಸಮಯವಿತ್ತು. ಐದು ವಾರದಿಂದ ಮಗುವಿಗೆ ಹೇಳಿದಂತೆ ಹೇಳಿಸಿಕೊಂಡಿದ್ದೆ. ಒಂದು ಸಲ ಹಾರಿ ತೋರಿಸೋಣ, ಭಾವ ಹಿಂದಿನಿಂದ ಶಭಾಷ್ ಅನ್ನಲಿ ಎಂದು ಹಾರಿದೆ.

ಡ್ರೈವರನ್ನು ಬಿಟ್ಟು, ವ್ಯಾನನ್ನು ಹಿಂತಿರುಗಿಸಬೇಕೆಂದು ಕೋರುತ್ತೇನೆ. ನನ್ನ ಮೇಲೆ ಏನು ಕ್ರಮವಿದೆಯೋ ಅದಕ್ಕೆ ಸಿದ್ಧನಿದ್ದೇನೆ. ಅಕ್ಕ ಈಗ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಳೆ. ನಾನು ಡ್ರೈವರ್ ವಿರುದ್ಧ ಇನ್ನಷ್ಟು ಗಟ್ಟಿಯಾಗಿ ಬರೆಸಲು ಬಂದಿದ್ದೇನೆ ಎಂದು ತಿಳಿದು ಜೊತೆಗೆ ಬಂದಿದ್ದಾಳೆ. ಬರೆದದ್ದನ್ನು ಓದಿ ಹೇಳುವ ಮೊದಲು ರೈಟರ್ ಬಾಗಿಲು ಮುಚ್ಚಲು ಎದ್ದರು. ಮುಚ್ಚಬೇಡಿ, ದಯವಿಟ್ಟು ಜೋರಾಗಿ ಓದಿ, ಅವಳ ಮುಖ ನೋಡಿ ಹೇಳುವಷ್ಟು ಧೈರ್ಯ ನನಗಿಲ್ಲ ಎಂದು ಕೇಳಿಕೊಂಡಿದ್ದೇನೆ.

ಈ ಹೇಳಿಕೆಯನ್ನು ಬಾಗಿಲು ತೆರೆದಿಟ್ಟು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಲಾಯಿತು. ಕೇಳಿದೆ. ಅಕ್ಕನೂ ಕೇಳಿದಳು. ನಾನು ಹೇಳಿದಂತೆಯೇ ಇದೆ, ತಿದ್ದುವುದು ಏನೂ ಇಲ್ಲ.

ಸ್ಥಳ: ಠಾಣೆ, ರೈಟರ್ ಕೋಣೆ
ದಿನ: ಬುಧವಾರ, ಬೆಳಿಗ್ಗೆ 11.35
ಸಹಿ